ನರ್ಸಬಾಯಿ ಮತ್ತು ಬಿಸಿಲೊಲೆಯವರು

ಕಳೆದ ತಿಂಗಳು ಹುನಗುಂದದಲ್ಲಿ ನಮ್ಮ ನರ್ಸಬಾಯಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಹಳೆಯ ನೌಕರರು ಕೆಲವರು ಸೇರಿ ಕರೆದ ಸಭೆ. ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಶಾಂತ ಸ್ವಭಾವದ ತಾಯಿ, ಯಾರಿಗೂ ಎದುರಾಡಿದವರಲ್ಲ, ಕೊಟ್ಟ ಕೆಲಸವನ್ನು ತಲೆ ತಗ್ಗಿಸಿ ಮಾಡಿಕೊಂಡು ಹೋದವರು. ಒಬ್ಬರಾದ ಮೇಲೆ ಒಬ್ಬರು ಇದನ್ನೇ ಹೇಳುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಇದೆಲ್ಲ ಸುಳ್ಳು, ಅವರು ಹಾಗಿರಲಿಲ್ಲ ಎಂದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡು, ಸಮಯದ ಅಭಾವವಿದೆ, ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ ಎಂದರು. ನಾನು ಹೇಗೂ ನಿಂತೇ ಇದ್ದೆ.

ಬದುಕಿದ್ದಾಗ ಅವರ ಬಾಯಿಗೆ ಹೆದರಿದವರೇ ಈಗ ಅವರನ್ನು ಬಾಯಿಲ್ಲದವರನ್ನಾಗಿ ಮಾಡಿ ಹಾರ ಹಾಕುತ್ತಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಮತಗಿಯ ದವಾಖಾನೆಯಲ್ಲಿ ಅವರು ನರ್ಸ್ ಆಗಿದ್ದಷ್ಟು ವರ್ಷವೂ ನಾನು ಅಲ್ಲಿಯ ಕಂಪೌಂಡರ್ ಆಗಿದ್ದೆ. ಅವರು ಎದುರಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದನ್ನು ಕೇಳುವುದೇ ಒಂದು ಸೊಗಸಾಗಿತ್ತು.

ಎತ್ತರದ ಆಳು. ಗಂಡಸರಂಥ ಅಗಲ ಹೆಜ್ಜೆ. ಬಿಳಿ ಸೀರೆ, ಕರಿಯ ಕೊಡೆ, ಹೆಗಲಿಗೆ ಚರ್ಮದ ಚೀಲ, ಹಣೆಯ ಮೇಲೆ ಬೀರಪ್ಪ ದೇವರ ಭಂಡಾರದ ಅರಿಶಿನ. ಅವರ ತಂದೆ ಕುರಿ ಕಾಯುತ್ತಿದ್ದವರು. ಗುಡ್ಡದ ಈ ಕಡೆಯಿಂದ ಆ ಕಡೆಗೆ ಮಾತಾಡಿಕೊಳ್ಳುವ ಮನೆತನದಲ್ಲಿ ಹುಟ್ಟಿದ್ದರಿಂದಲೋ ಏನೋ, ಅವರಿಗೆ ಪಿಸುಮಾತು ಬರುತ್ತಲೇ ಇರಲಿಲ್ಲ. ಗುಟ್ಟು ಹೇಳುತ್ತೇನೆಂದು ಹತ್ತಿರ ಕರೆದು ಅವರು ಹೇಳಿದ್ದು ಹೊರಗೆ ಚೀಟಿ ಹಿಡಿದು ನಿಂತವರಿಗೆಲ್ಲ ಕೇಳಿಸುತ್ತಿತ್ತು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಾರಾದರೂ ಅದಕ್ಕೆ ಮರುಗಿದರೆ, ತಮ್ಮ ಕೈಯಲ್ಲಿ ಹುಟ್ಟಿದವರು ಊರ ತುಂಬ ಓಡಾಡುತ್ತಿದ್ದಾರೆ, ಅವರ ಕಾಟವೇ ಸಾಕಾಗಿದೆ ಎನ್ನುತ್ತಿದ್ದರು.

ಒಮ್ಮೆ ಹೊಸದಾಗಿ ಬಂದ ಡಾಕ್ಟರು, ಬೇನೆ ತಿನ್ನುತ್ತಿದ್ದ ಹೆಂಗಸೊಬ್ಬಳು ಚೀರಿದಳೆಂದು ಗದರಿದರು. ನರ್ಸಬಾಯಿ ಅವರ ಕಡೆ ತಿರುಗಿ, ಸಾಹೇಬರು ಚಹಾ ಕುಡಿದು ಬರಲಿ, ಇಲ್ಲಿ ಚೀರುವ ಹಕ್ಕು ಇರುವುದು ಒಬ್ಬಳಿಗೆ ಮಾತ್ರ ಎಂದರು. ಡಾಕ್ಟರು ಹೋಗಿ ಚಹಾ ಕುಡಿದು ಬಂದರು. ಬರುವಷ್ಟರಲ್ಲಿ ಗಂಡು ಹುಟ್ಟಿತ್ತು. ಶಾಂತ ಸ್ವಭಾವದ ತಾಯಿ ಎಂದ ಹಿರಿಯರು ಆ ದಿನ ಅಲ್ಲಿರಬೇಕಾಗಿತ್ತು.

ಇಂಥ ಗಟ್ಟಿ ದನಿಯವರು ಒಂದು ಕಡೆ ಮಾತ್ರ ಬೇರೆಯೇ ಆಗುತ್ತಿದ್ದರು. ಅದು ಯಾರದಾದರೂ ಮನೆಯ ಮುಂದೆ. ಅವರು ಎಂದೂ ಕದ ತಟ್ಟಿದವರಲ್ಲ. ಹೊಸ್ತಿಲಿನಿಂದ ಈಚೆಗೆ, ಅಂಗಳದಲ್ಲಿ ನಿಂತು, ಆ ಮನೆಯ ಹಿರಿಯ ಹೆಣ್ಣುಮಗಳ ಹೆಸರು ಹಿಡಿದು ಕರೆಯುವರು. ತಾನು ಯಾರು, ಯಾಕೆ ಬಂದಿದ್ದೇನೆ ಎಂದು ಹೇಳುವರು. ಆಮೇಲೆ ಮುಖ ಬೀದಿಯ ಕಡೆ ತಿರುಗಿಸಿ ನಿಲ್ಲುವರು. ಒಳಗಿನವರು ಬಾ ಅಂದರೆ ಒಳಗೆ, ಇವತ್ತು ಬೇಡ ಅಂದರೆ ಮುಂದಿನ ಮನೆಗೆ. ಬಿಸಿಲಲ್ಲಿ ಹೀಗೆ ನಿಂತಿರುವುದನ್ನು ನೋಡಿ ನಾನು ಒಮ್ಮೆ ಕೇಳಿದೆ: ಊರಿಗೆಲ್ಲ ಬೇಕಾದವರು ನೀವು, ಸೀದಾ ಒಳಗೆ ಹೋದರೆ ಯಾರು ಬೇಡ ಅಂತಾರೆ?

ಆಗ ಅವರು ಹೇಳಿದ ಸಂಗತಿ ಎಪ್ಪತ್ತರ ದಶಕದ್ದು. ಮಕ್ಕಳಾಗದ ಆಪರೇಶನ್ ಮಾಡಿಸಿದವರ ಸಂಖ್ಯೆ ಇಷ್ಟಾಗಲೇಬೇಕು ಎಂದು ಮೇಲಿನಿಂದ ಒತ್ತಾಯ ಬರುತ್ತಿದ್ದ ಕಾಲ. ನರ್ಸಬಾಯಿ ಆಗ ಬೇರೊಂದು ಹಳ್ಳಿಯಲ್ಲಿದ್ದರು. ಮೇಲ್ವಿಚಾರಕನೊಬ್ಬ ಅವರನ್ನು ಜೀಪಿನಲ್ಲಿ ಕೂಡಿಸಿಕೊಂಡು ಮನೆಮನೆಗೆ ಒಯ್ಯುತ್ತಿದ್ದ. ನರ್ಸಬಾಯಿಯ ದನಿ ಕೇಳಿದರೆ ಹೆಂಗಸರು ಕದ ತೆಗೆಯುತ್ತಾರೆ ಎಂಬುದು ಅವನ ಲೆಕ್ಕ. ಒಂದು ಮನೆಯಲ್ಲಿ ಯಾರೂ ಕಾಣಲಿಲ್ಲ. ಹುಡುಕಿದರೆ, ಆ ಮನೆಯ ಹೆಣ್ಣುಮಗಳು ಹಗೇವಿನಲ್ಲಿ ಇಳಿದು ಕೂತಿದ್ದಳು. ಹಗೇವು ಅಂದರೆ ಜೋಳ ತುಂಬಿಡುವ, ನೆಲದೊಳಗಿನ ಆಳದ ಗುಂಡಿ. ಅದರಲ್ಲಿ ಉಸಿರು ಕಟ್ಟಿ ಸತ್ತವರುಂಟು. ನರ್ಸಬಾಯಿಯೇ ಕೂಗಿ ಮಂದಿಯನ್ನು ಕರೆದು, ಹಗ್ಗ ಬಿಟ್ಟು ಅವಳನ್ನು ಮೇಲೆ ಎತ್ತಿಸಿದರು.

“ಆಕಿದು ಎರಡೂ ಬಾಣಂತನ ಮಾಡಿದಾಕಿ ನಾ,” ಎಂದರು ನರ್ಸಬಾಯಿ. “ನನ್ನ ದನಿ ಕೇಳಿ ಆಕಿ ಹಗೇವಿನ್ಯಾಗ ಇಳದಿದ್ಲು. ಆವತ್ತ ಜೀಪಿನಿಂದ ಇಳದೆ. ಮತ್ತ ಹತ್ತಲಿಲ್ಲ.”

ಹತ್ತಲಿಲ್ಲ ಎಂದು ಅವರು ಸುಮ್ಮನೆ ಹೇಳಿಬಿಟ್ಟರು. ಅದಕ್ಕಾಗಿ ಅವರ ಪಗಾರ ತಡೆಹಿಡಿದರು, ಊರಿಂದೂರಿಗೆ ಅಲೆಸಿದರು. ಕಮತಗಿಗೆ ಅವರು ಬಂದದ್ದೇ ಹಾಗೆ.

ಇಷ್ಟು ಹೇಳಿದ ಮೇಲೆ ಬಿಸಿಲೊಲೆಯ ಕಥೆಗೆ ಬರುತ್ತೇನೆ.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ನಮ್ಮ ಕಡೆ ಸೋಲಾರ್ ಕುಕ್ಕರು ಬಂತು. ಮಂದಿ ಅದನ್ನು ಬಿಸಿಲೊಲೆ ಎಂದರು. ಟ್ರಂಕಿನಂಥ ಪೆಟ್ಟಿಗೆ, ಒಳಗೆಲ್ಲ ಕರಿ ಬಣ್ಣ, ಮೇಲೆ ಗಾಜು, ಮುಚ್ಚಳದ ಒಳಮೈಗೆ ಕನ್ನಡಿ. ಬಿಸಿಲಿಗೆ ತೆರೆದಿಟ್ಟರೆ ಕನ್ನಡಿಯ ಬೆಳಕು ಒಳಗೆ ಬಿದ್ದು ಅಕ್ಕಿ ಬೇಳೆ ತಾವೇ ಬೇಯುತ್ತವೆ. ಕಟ್ಟಿಗೆ ಬೇಡ, ಚಿಮಣಿ ಎಣ್ಣೆಗೆ ಸರದಿ ನಿಲ್ಲುವುದು ಬೇಡ. ಸರಕಾರದವರೂ ಇದನ್ನು ಒಳ್ಳೆಯದೆಂದು ಹೇಳುತ್ತಿದ್ದರು, ಒಳ್ಳೆಯದೇ ಆಗಿತ್ತು. ಆದರೆ ನಮ್ಮಲ್ಲಿಗೆ ಅದನ್ನು ತಂದದ್ದು ಇಳಕಲ್ಲಿನ ಪೇಟೆಯಲ್ಲಿ ಮಳಿಗೆ ಹಿಡಿದಿದ್ದ ಒಬ್ಬ ಏಜೆಂಟ. ಅವನ ಹೆಸರು ಇಲ್ಲಿ ಬೇಡ. ತಾಲೂಕಿನ ದೊಡ್ಡವರ ಬೆಂಬಲ ಇದ್ದವ ಅಂದರೆ ಸಾಕು. ಅವನ ಕೈಕೆಳಗೆ ನಾಲ್ಕೈದು ಮಂದಿ ಮಾರುವವರು, ಒಂದು ಟೆಂಪೊ.

ಅವರಲ್ಲಿ ಮುಂದಾಳಾಗಿದ್ದ ಕರಿಯ ಕನ್ನಡಕದ ತರುಣ ಮೊದಲು ಬಂದದ್ದು ನಮ್ಮ ದವಾಖಾನೆಗೆ. ನರ್ಸಬಾಯಿಗೆ ಕೈಮುಗಿದು, ಅಮ್ಮಾ, ತಾವು ಇದನ್ನು ಬಳಸಿದರೆ ಇಡೀ ಊರು ಬಳಸುತ್ತದೆ, ತಮ್ಮಂಥವರೇ ದಾರಿ ತೋರಿಸಬೇಕು ಎಂದು ರೇಡಿಯೊದವರ ಹಾಗೆ ಶುರು ಮಾಡಿದ. ನರ್ಸಬಾಯಿ ಅವನ ಊರು ಕೇಳಿದರು. ಬಾಗಲಕೋಟೆ ಎಂದ.

“ಹಂಗಾದ್ರ ಬಾಗಲಕೋಟಿಯವರಂಗ ಮಾತಾಡಪ. ನಿನ್ನ ಮಾತ ಇಸ್ತ್ರಿ ಮಾಡಿದಂಗ ಐತಿ.”

ಅವನು ನಕ್ಕ. ನಕ್ಕು ಅಂಗಳದಲ್ಲಿ ಪೆಟ್ಟಿಗೆ ತೆರೆದ. ನರ್ಸಬಾಯಿ ತಮ್ಮ ಮನೆಯಿಂದಲೇ ಅಕ್ಕಿ, ತೊಗರಿಬೇಳೆ ತಂದುಕೊಟ್ಟರು. ಮಧ್ಯಾಹ್ನ ನಾವೆಲ್ಲ ಸೇರಿ ಆ ಅನ್ನ ಉಂಡೆವು. ಚೆನ್ನಾಗಿ ಅರಳಿತ್ತು. ರೊಟ್ಟಿ ಮಾಡಲು ಬರುತ್ತದೇನು ಎಂದು ನರ್ಸಬಾಯಿ ಕೇಳಿದರು. ಮುಂದಿನ ಮಾಡೆಲ್ಲಿನಲ್ಲಿ ಬರುತ್ತದೆ ಎಂದ. ಹಂಚಿನ ಕಾವಿಲ್ಲದೆ ಜೋಳದ ರೊಟ್ಟಿ ಆಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅವನ ಅವ್ವನೂ ದಿನಾ ರೊಟ್ಟಿ ಬಡಿಯುವವಳೇ. ಪೆಟ್ಟಿಗೆಯನ್ನು ಪುಕ್ಕಟೆ ಇಲ್ಲೇ ಬಿಟ್ಟು ಹೋಗುತ್ತೇನೆ ಎಂದಾಗ ನರ್ಸಬಾಯಿ ಬೇಡ ಎಂದರು. ಹೋಗುವಾಗ ಅವನು, ನಿಮ್ಮ ಅಭಿಪ್ರಾಯವಾದರೂ ಹೇಳಿ ಎಂದ.

“ಅನ್ನ ಚಲೋ ಆಗೇತಿ,” ಎಂದರು ನರ್ಸಬಾಯಿ.

ಆಗಿದ್ದೂ ನಿಜ, ಹೇಳಿದ್ದೂ ನಿಜ. ಆ ಮಾತನ್ನು ಮಾರುವವರು ಪೆಟ್ಟಿಗೆಯ ಜೊತೆಗೆ ಟೆಂಪೊದಲ್ಲಿ ಹಾಕಿಕೊಂಡು ಹೋದರು.

ಅವರು ಮಾರುತ್ತಿದ್ದ ರೀತಿಯನ್ನು ನಾನು ಆಮೇಲೆ ಆ ಟೆಂಪೊ ಡ್ರೈವರನಿಂದಲೇ ಕೇಳಿ ತಿಳಿದೆ. ಗಂಡಸರು ಹೊಲಕ್ಕೋ ಮಗ್ಗಕ್ಕೋ ಹೋದ ಮೇಲೆ ಬರುವುದು. ಅತ್ತೆ ಮನೆಯಲ್ಲಿದ್ದರೆ ಸೊಸೆಯನ್ನು ಹೊಗಳಬೇಕು, ಸೊಸೆ ಒಬ್ಬಳೇ ಇದ್ದರೆ ಅವಳನ್ನು ಹೆದರಿಸಬೇಕು. ಕುಡಿಯಲು ನೀರು ಕೇಳಬೇಕು, ಯಾಕೆಂದರೆ ನೀರು ಕೊಟ್ಟ ಮೇಲೆ ಹೊರಗೆ ಹೋಗು ಅನ್ನಲು ನಮ್ಮ ಮಂದಿಗೆ ಬಾಯಿ ಬರುವುದಿಲ್ಲ. ಪೆಟ್ಟಿಗೆ ತೆರೆದಿಟ್ಟು, ಅನ್ನ ಬೇಯುವವರೆಗೆ ಕೂತಿರುತ್ತೇವೆ ಎಂದು ಕಟ್ಟೆಯ ಮೇಲೆ ಕೂತುಬಿಡಬೇಕು. ಮೂರು ತಾಸು ಕೂತವರಿಗೆ ಇಲ್ಲ ಎನ್ನುವುದು ಹೇಗೆ? ಪಕ್ಕದ ಮನೆಯವರು ಆಗಲೇ ತಗೊಂಡರು ಎನ್ನಬೇಕು, ಪಕ್ಕದ ಮನೆಯಲ್ಲಿ ಹೋಗಿ ಈ ಮನೆಯ ಹೆಸರು ಹೇಳಬೇಕು. ಈಗ ರೊಕ್ಕ ಏನೂ ಬೇಡ, ಮನೆಯಲ್ಲಿರುವ ತಾಮ್ರ ಹಿತ್ತಾಳೆಯ ಹಳೇ ಸಾಮಾನು ಕೊಡಿ ಎನ್ನಬೇಕು. ಒಪ್ಪಿದ ಕೂಡಲೇ ಸಾಮಾನು ಟೆಂಪೊ ಏರಬೇಕು. ಸಂಜೆ ಗಂಡಸರು ಬಂದು ಬೇಡವೆಂದರೆ, ನಿಮ್ಮ ಸಾಮಾನು ಕರಗಿಸಲು ಹೋಯಿತು ಅಂದರಾಯಿತು.

ಇದಕ್ಕೆಲ್ಲ ಇಳಕಲ್ಲಿನ ಮಳಿಗೆಯಲ್ಲಿ ಮುಂಜಾನೆ ಪಾಠವಾಗುತ್ತಿತ್ತಂತೆ. ಪಾಠದಲ್ಲಿ ಕಡೆಯ ಮಾತು ಒಂದಿತ್ತು. ಯಾರೂ ಒಪ್ಪದಿದ್ದರೆ ನರ್ಸಬಾಯಿಯ ಹೆಸರು ತೆಗೆಯಿರಿ.

ನೀಲವ್ವ ಎಂಬ ಹುಡುಗಿ ಕಮತಗಿಗೆ ಸೊಸೆಯಾಗಿ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಗಂಡ ಮಗ್ಗದವನು. ಮೊದಲನೆಯ ಕೂಸು ಹುಟ್ಟುತ್ತಲೇ ಸತ್ತಿತ್ತು, ನರ್ಸಬಾಯಿಯ ಕೈಯಲ್ಲೇ. ಆ ದಿನ ಅವರು ದವಾಖಾನೆಗೆ ಬಂದು ಯಾರೊಡನೆಯೂ ಮಾತಾಡದೆ ಕೂತದ್ದು ನನಗೆ ನೆನಪಿದೆ. ಈಗ ನೀಲವ್ವ ಮತ್ತೆ ಬಸುರಿ. ಅತ್ತೆ ಆ ಶನಿವಾರ ತುಳಸಿಗೇರಿ ಹನುಮಪ್ಪನಿಗೆ ಹೋಗಿದ್ದಳು, ಸೊಸೆಯ ಹೆರಿಗೆ ನೆಟ್ಟಗಾಗಲೆಂದು ಹರಕೆ ಹೊರಲು. ಅದೇ ದಿನ ಕರಿಯ ಕನ್ನಡಕದವನು ಮನೆಗೆ ಬಂದ. ನೀರು ಕೇಳಿದ, ಕಟ್ಟೆಯ ಮೇಲೆ ಕೂತ. ಮೊದಲನೆಯ ಕೂಸಿನ ಸುದ್ದಿ ಅವನಿಗೆ ಪಕ್ಕದ ಮನೆಯಲ್ಲಿ ಸಿಕ್ಕಿತ್ತು. ಒಲೆಯ ಹೊಗೆಯೇ ಆ ಕೂಸನ್ನು ತಿಂದದ್ದು, ಇದನ್ನೂ ತಿನ್ನುತ್ತದೆ, ನಿಮ್ಮ ನರ್ಸಬಾಯಿಯೇ ಹೇಳಿ ಕಳಿಸಿದ್ದಾರೆ ಎಂದ.

ನೀಲವ್ವ ಬಚ್ಚಲಿನಲ್ಲಿದ್ದ ತಾಮ್ರದ ಹಂಡೆ ತೆಗೆದುಕೊಟ್ಟಳು. ನೀರು ಕಾಯಿಸುವ ದೊಡ್ಡ ಹಂಡೆ, ಅತ್ತೆ ತನ್ನ ತವರಿನಿಂದ ತಂದದ್ದು.

ಅತ್ತೆ ಹನುಮಪ್ಪನ ಕುಂಕುಮ ಹಿಡಿದು ಮನೆಗೆ ಬಂದಾಗ ಹಂಡೆ ಇದ್ದ ಜಾಗ ಬರಿದಾಗಿತ್ತು. ಅಂಗಳದಲ್ಲಿ ಪೆಟ್ಟಿಗೆ ಇತ್ತು. ಹಂಡೆ ತಂದರೆ ಒಳಗೆ ಬಾ, ಇಲ್ಲದಿದ್ದರೆ ನಿನ್ನ ತವರಿಗೆ ಹೋಗು ಎಂದು ಸೊಸೆಯನ್ನು ಹೊರಗೆ ಹಾಕಿದಳು. ಗಂಡ ಅವ್ವನ ಮುಂದೆ ಬಾಯಿ ತೆರೆಯಲಿಲ್ಲ. ನೀಲವ್ವ ತವರಿಗೆ ಹೋಗಲಿಲ್ಲ. ಸೀದಾ ನಮ್ಮ ದವಾಖಾನೆಗೆ ಬಂದಳು. ಅಳುತ್ತಿರಲಿಲ್ಲ. ನರ್ಸಬಾಯಿ ಸೂಜಿ ಕುದಿಸಲು ಇಡುತ್ತಿದ್ದರು. ಅವರ ಹಿಂದೆ ನಿಂತು ಕೇಳಿದಳು:

“ಕೂಸು ಹೊಗಿಗೆ ಸತ್ತೈತಂತ ನನಗ ಯಾಕ ಹೇಳಲಿಲ್ಲರಿ ಬಾಯಾರ? ಅವಗ ಹೇಳೀರಿ, ನನಗ ಹೇಳಲಿಲ್ಲ.”

ನರ್ಸಬಾಯಿ ತಿರುಗಿ ಅವಳ ಮಾತೆಲ್ಲ ಪೂರ್ತಿ ಕೇಳಿದರು. ಆಮೇಲೆ ಅವಳನ್ನು ಬೆಂಚಿನ ಮೇಲೆ ಕೂಡಿಸಿ, ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಅದರಲ್ಲಿ ಅವಳ ತಪ್ಪೂ ಇಲ್ಲ, ಒಲೆಯ ತಪ್ಪೂ ಇಲ್ಲ, ತಾನು ಯಾರಿಗೂ ಏನೂ ಹೇಳಿ ಕಳಿಸಿಲ್ಲ ಎಂದು ತಿಳಿಯುವ ಹಾಗೆ ಹೇಳಿದರು. ಹೇಳುವಾಗ ಅವರ ದನಿ ಸಣ್ಣದಾಗಿತ್ತು. ನಾನು ಅವರ ಸಣ್ಣ ದನಿ ಕೇಳಿದ್ದು ಅದೊಂದೇ ಸಲ. ಆಮೇಲೆ ಸೀದಾ ಡಾಕ್ಟರ ಕೋಣೆಗೆ ಹೋಗಿ ಇಡೀ ದವಾಖಾನೆಗೆ ಕೇಳುವಂತೆ ರಜೆ ಕೇಳಿದರು.

ನೀಲವ್ವನನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡು ಅಂದೇ ಶುರು ಮಾಡಿದರು. ಕೊಡೆ ಹಿಡಿದು, ಓಣಿ ಓಣಿ ನಡೆದು, ಒಂದೊಂದೇ ಮನೆಯ ಮುಂದೆ ನಿಂತರು. ನಾನು ಸಂಜೆ ಕೆಲಸ ಮುಗಿಸಿ ಅವರ ಜೊತೆ ಹೋಗುತ್ತಿದ್ದೆ. ಎಲ್ಲ ಕಡೆಯೂ ಅದೇ ಮಾತು.

“ನಾ ಅಂದಿದ್ದು ಒಂದ ಮಾತು, ಅನ್ನ ಚಲೋ ಆಗೇತಿ ಅಂತ. ಹಂಡೇವು ಕೊಡ್ರಿ ಅಂದಿಲ್ಲ, ಹೊಗಿಗೆ ಕೂಸು ಸಾಯ್ತಾವ ಅಂದಿಲ್ಲ. ನನ್ನ ಹೆಸರಲೇ ಯಾರರ ಏನರ ಹೇಳಿದ್ರ ನನ್ನ ಕೇಳ್ರಿ.”

ಮಂದಿಗೆ ಇಷ್ಟು ಸಾಲಲಿಲ್ಲ. ಸಾಮಾನು ಕಳಕೊಂಡವರು ಸಿಟ್ಟಿನಲ್ಲಿದ್ದರು. ಈ ಪೆಟ್ಟಿಗೆಯೇ ಮೋಸ, ಅದರ ಅನ್ನ ಉಂಡರೆ ರೋಗ ಬರುತ್ತದೆ ಎಂದು ಹೇಳಿರಿ, ಎಲ್ಲರೂ ಒಡೆದು ಹಾಕುತ್ತೇವೆ ಎಂದು ಹಿರಿಯನೊಬ್ಬ ಹೇಳಿದ. ಹಾಗೆ ಹೇಳಿಬಿಟ್ಟಿದ್ದರೆ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ನರ್ಸಬಾಯಿ ಅವನ ಮೇಲೆಯೇ ಸಿಟ್ಟಾದರು. ಒಬ್ಬ ಸುಳ್ಳು ಹೇಳಿ ಮಾರಿದ ಅಂತ ನಾನು ಸುಳ್ಳು ಹೇಳಿ ಬಿಡಿಸಬೇಕೇನು, ಪೆಟ್ಟಿಗೆ ಖೋಟಾ ಅಲ್ಲ, ಮಾರಿದ ರೀತಿ ಖೋಟಾ ಎಂದರು. ಬೇಕಾದವರು ಇಟ್ಟುಕೊಳ್ಳಿರಿ, ಬೇಡವಾದವರು ಬುಧವಾರ ಮುಂಜಾನೆ ಪೆಟ್ಟಿಗೆ ತಗೊಂಡು ಬಸ್ಸಿಗೆ ಬರ್ರಿ ಎಂದರು.

ಆ ಬುಧವಾರದ ಬಸ್ಸನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು, ಪ್ರತಿಯೊಬ್ಬರ ತಲೆಯ ಮೇಲೆ ಒಂದು ಪೆಟ್ಟಿಗೆ. ಕಂಡಕ್ಟರ್ ಲಗೇಜಿನ ತಕರಾರು ತೆಗೆದ. ನರ್ಸಬಾಯಿ ಅವನ ಹೆಸರು ಹಿಡಿದು ಕರೆದು, ನಿನ್ನ ಮಗ ಹುಟ್ಟಿದಾಗ ನಾನು ಅವನನ್ನು ಲಗೇಜ್ ಅಂತ ಅಂದೆನೇನು ಎಂದು ಕೇಳಿದರು. ಪೆಟ್ಟಿಗೆಗಳೆಲ್ಲ ಬಸ್ಸಿನ ಮೇಲೆ ಏರಿದವು. ಎರಡು ಮೂರು ಮುಚ್ಚಳ ತೆರೆದುಕೊಂಡು, ಅಮೀನಗಡ ದಾಟಿ ಹುನಗುಂದದವರೆಗೂ ಅವುಗಳ ಕನ್ನಡಿಯ ಬೆಳಕು ರಸ್ತೆಯ ಬದಿಯ ಹೊಲಗಳ ಮೇಲೆ ಓಡುತ್ತಿತ್ತು. ಕೆಲಸದವರು ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈ ಹಿಡಿದು ನೋಡುತ್ತಿದ್ದರು.

ನೀಲವ್ವನೂ ಅವಳ ಅತ್ತೆಯೂ ಆ ಬಸ್ಸಿನಲ್ಲಿದ್ದರು. ಅತ್ತೆಯನ್ನು ಕರೆತರಲೆಂದು ನರ್ಸಬಾಯಿ ಹಿಂದಿನ ದಿನ ಅವಳ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದರು. ಅವಳು ಒಳಗೆ ಪಾತ್ರೆ ತಿಕ್ಕುತ್ತಲೇ ಇದ್ದಳು. ಕಡೆಗೆ ನರ್ಸಬಾಯಿ ಹೇಳಿದ ಮಾತು ಇದು:

“ನಿನ್ನ ಸಿಟ್ಟು ಖರೇ ಐತಿ ಯವ್ವಾ. ಆದ್ರ ಮೋಸ ಹೋದಾಕಿ ಮುಂದ ಯಾಕ ಖರ್ಚ ಮಾಡ್ತೀ? ಮೋಸ ಮಾಡಿದಾಂವ ಇಳಕಲ್ಲಿನ್ಯಾಗ ಅದಾನ. ನಡಿ, ಅಲ್ಲಿ ಖರ್ಚ ಮಾಡೂಣು.”

ಇಳಕಲ್ಲಿನ ಮಳಿಗೆಯ ಮುಂದೆ ಹೆಂಗಸರು ಪೆಟ್ಟಿಗೆ ಇಳಿಸಿದರು. ಪೇಟೆ ತುಂಬಿದ ದಿನ, ಸೀರೆ ಕೊಳ್ಳಲು ಪರ ಊರಿನಿಂದ ಬಂದವರೆಲ್ಲ ನಿಂತು ನೋಡತೊಡಗಿದರು. ಕರಿಯ ಕನ್ನಡಕದವನು ಹೊರಗೆ ಬಂದು, ಮಾಲೀಕರಿಲ್ಲ, ನಾಳೆ ಬನ್ನಿ ಎಂದ. ನರ್ಸಬಾಯಿ ಒಂದು ಚರಿಗೆ ನೀರು ಕೇಳಿ ಇಸಕೊಂಡು ಕುಡಿದರು. ಆಮೇಲೆ ಮಳಿಗೆಯ ಮೆಟ್ಟಿಲ ಮೇಲೆ ಕೂತು, ಮಾಲೀಕರು ಬರುವವರೆಗೆ ಕೂತಿರುತ್ತೇವೆ ಎಂದರು. ಹೆಂಗಸರೂ ಕೂತರು. ಪೆಟ್ಟಿಗೆಗಳನ್ನು ತೆರೆದು, ಗಂಟಿನಲ್ಲಿ ತಂದಿದ್ದ ಅಕ್ಕಿಯನ್ನು ನೀರು ಹಾಕಿ ಇಟ್ಟರು. ಯಾರೋ ಅಡಕೆ ಕತ್ತರಿಸತೊಡಗಿದರು. ಕೊಳ್ಳಲು ಬಂದ ಗಿರಾಕಿಗಳು ಏನೆಂದು ವಿಚಾರಿಸುವರು, ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಹೇಳುವರು, ಗಿರಾಕಿಗಳು ಚಪ್ಪಲಿ ತಿರುಗಿಸಿಕೊಂಡು ಹೋಗುವರು. ಅನ್ನ ಬೆಂದಿತು. ಅಲ್ಲೇ ಉಂಡೆವು. ಕರಿಯ ಕನ್ನಡಕದವನಿಗೂ ನರ್ಸಬಾಯಿ ಒಂದು ತುತ್ತು ಕೊಡಿಸಿದರು. ಅವನು ಎಲ್ಲರ ಎದುರಿಗೆ ನಿಂತು ತಿಂದ.

ಮಾಲೀಕ, ಅಂದರೆ ಆ ಏಜೆಂಟ, ಬಂದಾಗ ಬಿಸಿಲು ಇಳಿಯತೊಡಗಿತ್ತು. ನರ್ಸಬಾಯಿಯನ್ನು ಒಳಗೆ ಕರೆದ. ಅವರು ಇಲ್ಲೇ ಮಾತಾಡೋಣ ಎಂದರು. ಅವನು ನಗುತ್ತಲೇ ಬಗ್ಗಿ, ಇನ್ನು ಮುಂದೆ ಮಾರುವ ಪ್ರತಿ ಪೆಟ್ಟಿಗೆಯಲ್ಲೂ ನಿಮಗೊಂದು ಪಾಲು ಇಡುತ್ತೇನೆ ಎಂದು ಪಿಸುಗುಟ್ಟಿದ. ನರ್ಸಬಾಯಿ ಅದನ್ನು ತಮ್ಮ ದನಿಯಲ್ಲಿ ಹೊರಗಿನವರಿಗೆಲ್ಲ ಹೇಳಿದರು: ಸಾಹುಕಾರರು ನನಗೂ ಪಾಲು ಕೊಡುತ್ತಾರಂತೆ, ನಿಮ್ಮ ಹಂಡೆಯಲ್ಲಿ. ಮಾಲೀಕನ ನಗು ಹೋಯಿತು. ಸರಕಾರಿ ನೌಕರಳು ನೀನು, ನಿನ್ನನ್ನು ವರ್ಗ ಮಾಡಿಸಿ ಎಲ್ಲಿ ಬೇಕಾದಲ್ಲಿ ಒಗೆಸಬಲ್ಲೆ ಎಂದ.

“ಒಗಸ್ರಿ,” ಎಂದರು ನರ್ಸಬಾಯಿ. “ಎಲ್ಲಿ ಒಗದ್ರೂ ಅಲ್ಲಿ ಹೆಂಗಸೂರು ಹಡೀತಾರ. ನನಗ ಕೆಲಸ ಇರತೈತಿ.”

ಆಗ ಎದ್ದವಳು ನೀಲವ್ವನ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಅವಳು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯಲು ಬರುವಂತಿಲ್ಲ. ನನ್ನ ಸತ್ತ ಮೊಮ್ಮಗನ ಹೆಸರಲ್ಲಿ ವ್ಯಾಪಾರ ಮಾಡಿದಿರಿ ಎಂಬುದು ಅದರ ತಿರುಳು. ಸೊಸೆಯನ್ನು ಕೈ ಹಿಡಿದು ಎಳೆದು ಮುಂದೆ ನಿಲ್ಲಿಸಿ, ಈ ಹುಡುಗಿಯ ಮುಖ ನೋಡಿ ಅದನ್ನು ಇನ್ನೊಮ್ಮೆ ಹೇಳು ಎಂದು ಕರಿಯ ಕನ್ನಡಕದವನಿಗೆ ಸವಾಲು ಹಾಕಿದಳು. ಅವನು ಕನ್ನಡಕ ತೆಗೆದ. ಕನ್ನಡಕವಿಲ್ಲದ ಅವನ ಮುಖ ಬಹಳ ಎಳೆಯದಾಗಿತ್ತು. ಒಳಗಿನಿಂದ ಗೋದಾಮಿನ ಕೀಲಿ ತಂದು ನರ್ಸಬಾಯಿಯ ಕೈಗೆ ಕೊಟ್ಟುಬಿಟ್ಟ. ಮಾಲೀಕ ಬೈಯುತ್ತಲೇ ಇದ್ದ. ಪೇಟೆ ತುಂಬ ಮಂದಿ ನೋಡುತ್ತಿದ್ದರು, ತಡೆಯಲು ಅವನಿಗೆ ಧೈರ್ಯ ಬರಲಿಲ್ಲ.

ಗೋದಾಮಿನಲ್ಲಿ ಕೊಡಗಳಿದ್ದವು, ತಂಬಿಗೆಗಳಿದ್ದವು, ಪರಾತಗಳಿದ್ದವು. ಹೆಂಗಸರು ಪಾತ್ರೆಗಳ ಮೇಲೆ ಕೊರೆಸಿದ್ದ ಹೆಸರು ನೋಡಿ ತಮ್ಮ ತಮ್ಮವನ್ನು ಎತ್ತಿಕೊಂಡರು. ನೀಲವ್ವನ ಅತ್ತೆಯ ಹಂಡೆ ಇರಲಿಲ್ಲ. ಅದು ಆಗಲೇ ಕಂಚುಗಾರರ ಕುಲುಮೆಗೆ ಹೋಗಿತ್ತು. ಮಾಲೀಕ ಪೀಡೆ ತೊಲಗಲಿ ಎಂದು ಬೇರೊಂದು ಹಂಡೆ ತೋರಿಸಿದ, ಇನ್ನೂ ದೊಡ್ಡದು. ಅತ್ತೆ ಅದರ ಮೇಲಿನ ಹೆಸರು ಯಾರಿಂದಲೋ ಓದಿಸಿದಳು. ಯಾವುದೋ ಊರಿನ, ಯಾವುದೋ ಮನೆಯ ಹೆಣ್ಣುಮಗಳದು. ಇದು ನಮಗೆ ಬೇಡ, ಆಕೆ ಹುಡುಕಿಕೊಂಡು ಬಂದರೆ ಕೊಡು ಎಂದಳು. ಬರಿಗೈಯಲ್ಲಿ ಕೆಳಗೆ ಇಳಿದಳು. ಅವಳ ಹಿಂದೆ ಬರಬೇಕೋ ಬೇಡವೋ ತಿಳಿಯದೆ ನೀಲವ್ವ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಅತ್ತೆ ತಿರುಗಿ ನೋಡಿ, ಬಸ್ಸು ತಪ್ಪುತ್ತದೆ, ಬಾ ಎಂದಳು. ಅಷ್ಟೇ.

ಮಾಲೀಕ ಆಡಿದ ಮಾತನ್ನು ನಡೆಸಿದ. ಮಳೆಗಾಲ ಹಿಡಿಯುವ ಹೊತ್ತಿಗೆ ವರ್ಗದ ಆದೇಶ ಬಂತು. ಬಾದಾಮಿ ತಾಲೂಕಿನಲ್ಲಿ, ಮಹಾಕೂಟದ ಹತ್ತಿರದ ಒಂದು ಸಣ್ಣ ಹಳ್ಳಿಗೆ. ದಿನಕ್ಕೆರಡು ಬಸ್ಸು, ಸೋರುವ ಕ್ವಾರ್ಟರ್ಸು. ನಾವೆಲ್ಲ ಅರ್ಜಿ ಬರೆಯೋಣ, ಆಗ ನಮ್ಮ ಜಿಲ್ಲೆಯಾಗಿದ್ದ ಬಿಜಾಪುರಕ್ಕೆ ಹೋಗಿ ಮೇಲಿನವರನ್ನು ಕಾಣೋಣ ಎಂದೆವು. ನರ್ಸಬಾಯಿ ಬೇಡ ಎಂದರು. ನನ್ನನ್ನು ಕಳಿಸಿದ್ದು ಶಿಕ್ಷೆ ಅಂತ ಅವರು ತಿಳಿದುಕೊಂಡಿದ್ದಾರೆ, ನೀವೂ ಹಾಗೇ ತಿಳಿದರೆ ಅವರು ಗೆದ್ದಂತೆ ಆಯಿತು ಎಂದರು. ಕಮತಗಿಗೆ ಆ ಟೆಂಪೊ ಮತ್ತೆ ಬರಲಿಲ್ಲ. ಬೇರೆ ಕಡೆ ಹೋಗಿರಬೇಕು. ಆ ಜಾತಿಯ ವ್ಯಾಪಾರ ಒಂದು ಊರಿನಲ್ಲಿ ಸೋತರೆ ಸಾಯುವುದಿಲ್ಲ, ಅಷ್ಟು ನನಗೂ ಗೊತ್ತು.

ಒಂದು ಸಂಗತಿ ಹೇಳದಿದ್ದರೆ ಅವರ ಚಿತ್ರ ಅರ್ಧವಾಗುತ್ತದೆ. ಹೊಸ ಊರಿಗೆ ಹೋದ ಮೇಲೆ ನರ್ಸಬಾಯಿ ಬಾದಾಮಿಯ ಪೇಟೆಗೆ ತಾವಾಗಿ ಹೋಗಿ, ಅಂಗಡಿಯಲ್ಲಿ ನಿಂತು ತಿರುಗಿಸಿ ಮುರುಗಿಸಿ ನೋಡಿ, ಒಂದು ಬಿಸಿಲೊಲೆ ಕೊಂಡರು. ಮಳೆ ಬಿಟ್ಟು ಬಿಸಿಲಾದ ದಿನಗಳಲ್ಲಿ ಅದರಲ್ಲೇ ಅನ್ನ ಮಾಡುತ್ತಿದ್ದರು. ಇದನ್ನು ಕೇಳಿ ಕಮತಗಿಯಲ್ಲಿ ಕೆಲವರು ನಕ್ಕರು, ಕೆಲವರು ಸಿಟ್ಟಾದರು. ನಾನು ಭೆಟ್ಟಿಯಾದಾಗ ಕೇಳಿದೆ. ನನ್ನ ಜಗಳ ಬಿಸಿಲಿನ ಜೊತೆ ಇರಲಿಲ್ಲವಲ್ಲ ಎಂದು ಹೇಳಿ, ತಾಟು ಮುಂದೆ ಇಟ್ಟು ಬಡಿಸಿದರು.

ಆ ಭೆಟ್ಟಿ ಸುಮ್ಮನೆ ಆದದ್ದಲ್ಲ. ಶ್ರಾವಣ ಕಳೆದ ಮೇಲೆ ಒಂದು ಮುಂಜಾನೆ ನೀಲವ್ವನ ಅತ್ತೆ ದವಾಖಾನೆಗೆ ಬಂದು, ಸೊಸೆಗೆ ದಿನ ತುಂಬಿವೆ, ಬಾಯಾರ ಊರಿಗೆ ಒಯ್ಯುತ್ತೇವೆ, ನೀವೂ ನಡೆಯಿರಿ ಎಂದಳು. ಇಲ್ಲಿಯೂ ನರ್ಸು ಇದ್ದಾರೆ, ಆ ದಾರಿಯಲ್ಲಿ ಬಸುರಿಯನ್ನು ಒಯ್ಯುವುದು ಸರಿಯಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ನಾಲ್ವರೂ ಹೊರಟೆವು, ನೀಲವ್ವ, ಗಂಡ, ಅತ್ತೆ, ನಾನು. ಗುಳೇದಗುಡ್ಡದಲ್ಲಿ ಬಸ್ಸು ಬದಲಿಸಿ, ಬಾದಾಮಿಯಲ್ಲಿ ಇನ್ನೊಂದು ಹಿಡಿದು, ಮಧ್ಯಾಹ್ನಕ್ಕೆ ಮುಟ್ಟಿದೆವು. ನರ್ಸಬಾಯಿ ನಮ್ಮನ್ನು ಕಂಡು ಮೊದಲು ಅತ್ತೆಗೆ ಚೆನ್ನಾಗಿ ಬೈದರು. ಬೈಯುತ್ತಲೇ ಹಾಸಿಗೆ ಹಾಸಿದರು. ಎರಡು ದಿನ ಕಾದೆವು. ಮೂರನೆಯ ದಿನ ಹೊತ್ತೇರುವಾಗ ಬೇನೆ ಶುರುವಾಯಿತು. ನಾನೂ ನೀಲವ್ವನ ಗಂಡನೂ ಹೊರಗೆ ಬೇವಿನ ಗಿಡದ ಕೆಳಗೆ ಕೂತೆವು. ಅವನು ನೆಲದ ಮೇಲಿನ ಬೇವಿನ ಎಲೆಗಳನ್ನು ಹೆಕ್ಕಿ ಹೆಕ್ಕಿ ಹರಿಯುತ್ತಿದ್ದ. ಒಳಗಿನಿಂದ ನೀಲವ್ವನ ದನಿ, ಅದಕ್ಕಿಂತ ಗಟ್ಟಿಯಾಗಿ ನರ್ಸಬಾಯಿಯ ದನಿ. ಆಮೇಲೆ ಎರಡೂ ನಿಂತವು. ನೀಲವ್ವನ ಗಂಡ ಎದ್ದು ನಿಂತ. ಆಗ ಕೂಸು ಅತ್ತಿತು.

ಹೆಣ್ಣು ಕೂಸು. ಅತ್ತೆ ಹೊರಗೆ ಬಂದು ಮಗನಿಗೆ ಹೇಳಿ, ಕಟ್ಟೆಯ ಮೇಲೆ ಕೂತು, ಯಾರ ಮುಂದೆಯೂ ಅಳದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅದೇ ಹೊತ್ತಿಗೆ ಮೇಲ್ವಿಚಾರಕರೊಬ್ಬರು ತಪಾಸಣೆಗೆಂದು ಬಂದಿಳಿದರು. ಬಾಣಂತಿ ಯಾವ ಊರಿನವಳು ಎಂದು ಕೇಳಿದರು. ಕಮತಗಿ ಎಂದು ತಿಳಿದಾಗ ಅವರ ಹುಬ್ಬು ಏರಿತು. ಬೇರೆ ತಾಲೂಕಿನ ಕೇಸು ಇಲ್ಲಿ ತೆಗೆದುಕೊಂಡದ್ದು ಹೇಗೆ, ಯಾರನ್ನು ಕೇಳಿ ತೆಗೆದುಕೊಂಡಿರಿ, ಈಗ ಈ ಕೂಸನ್ನು ಯಾವ ತಾಲೂಕಿನ ಲೆಕ್ಕಕ್ಕೆ ಹಿಡಿಯಬೇಕು ಎಂದು ಒಂದೇ ಉಸಿರಿನಲ್ಲಿ ಕೇಳಿದರು.

ನರ್ಸಬಾಯಿ ಕೂಸನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಅದರವ್ವನ ಲೆಕ್ಕಕ್ಕ ಹಿಡೀರಿ,” ಎಂದರು. ಓಣಿಯ ಕಡೆಯ ಮನೆಯವರೆಗೂ ಕೇಳಿಸಿತು.